ವಾಚಿನ ಹಾರ್ಟ್ ರೇಟ್ ಯಾವಾಗ ನಂಬಬೇಕು, ಯಾವಾಗ ಬೆರಳಿಡಬೇಕು

ಮುಂಜಾನೆ ಕಲಬುರಗಿಯ ಅಪ್ಪನ ಕೆರೆ ದಂಡೆಗೆ ಅಡ್ಡಾಡಲು ಬರುವವರ ಮುಂಗೈ ಮೇಲೆ ಈಗ ಹಸಿರು ಬೆಳಕು ಮಿಣುಕುವ ವಾಚು ಮಾಮೂಲು. ಹತ್ತು ಹೆಜ್ಜೆಗೊಮ್ಮೆ ಕೈ ತಿರುವಿ ನೋಡುತ್ತಾರೆ. "ನಂದು 118 ತೋರಸ್ಲಕತ್ತದ, ನಿಮ್ದೆಷ್ಟ್ರೀ?" ಅಂತ ಪಕ್ಕದವರನ್ನು ಕೇಳುತ್ತಾರೆ. ಪಕ್ಕದವರದು ನಿಮಿಷಕ್ಕೆ 96 ಬಡಿತ. ಅಲ್ಲಿಗೆ ಇಬ್ಬರಿಗೂ ಅನುಮಾನ ಹತ್ತಿತು: ದೋಷ ಎದೆಯಲ್ಲೋ, ವಾಚಿನಲ್ಲೋ? ಒಂದೇ ವೇಗದಲ್ಲಿ ನಡೆದ ಇಬ್ಬರ ಬಡಿತ ಒಂದೇ ಇರಬೇಕೆಂಬ ನಿಯಮವೇನೂ ಇಲ್ಲ. ಉಳಿದದ್ದು ವಾಚು ಕಟ್ಟಿದ ರೀತಿ, ಅದರ ಸೆಟ್ಟಿಂಗು, ಆ ಅಂಕಿ ಎಷ್ಟು ಹೊತ್ತಿನ ಹಿಂದಿನದು ಅನ್ನುವುದರ ಮೇಲೆ ನಿಂತಿರುತ್ತದೆ.

ವಾಚು ಬಿಚ್ಚಿ ಹಿಂಬದಿ ನೋಡಿ. ಎರಡೋ ನಾಲ್ಕೋ ಹಸಿರು ಎಲ್‌ಇಡಿ, ಅವುಗಳ ನಡುವೆ ಅಥವಾ ಸುತ್ತ ಕಪ್ಪಗೆ ಕಾಣುವ ಬೆಳಕಿನ ಸೆನ್ಸರು. ರಕ್ತದ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಮುಂಗೈ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಸು ಹೆಚ್ಚುತ್ತದೆ, ವಾಪಸು ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಮುಂದಿನ ಕ್ಷಣ ರಕ್ತ ಇಳಿಯುತ್ತದೆ, ಬೆಳಕು ಏರುತ್ತದೆ. ಈ ಏರಿಳಿತ ಭಾಳ ಸಣ್ಣದು. ಹಿಂದಿರುಗುವ ಒಟ್ಟು ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಸೆನ್ಸರು ಸೆಕೆಂಡಿಗೆ 25ರಿಂದ 100 ಸಲ ಈ ಬೆಳಕನ್ನು ಅಳೆದು ಅಲೆಯೊಂದನ್ನು ಕಟ್ಟುತ್ತದೆ. ಕೈ ಅಲ್ಲಾಡಿದ್ದಕ್ಕೆ ಎದ್ದ ಅಲೆಯನ್ನು ಒಳಗಿರುವ, ಅಲ್ಲಾಟ ಅಳೆಯುವ ಅಕ್ಸೆಲೆರೋಮೀಟರಿನ ಸಹಾಯದಿಂದ ಕಳೆಯುತ್ತದೆ, ಉಳಿದದ್ದರಲ್ಲಿ ಬಡಿತ ಹುಡುಕುತ್ತದೆ.

ಹುಡುಕಿದ್ದನ್ನು ಕೂಡಲೇ ತೋರಿಸುವುದಿಲ್ಲ. ಸಾಮಾನ್ಯವಾಗಿ ಹಿಂದಿನ 5ರಿಂದ 10 ಸೆಕೆಂಡಿನ ಅಲೆಯ ಸರಾಸರಿ ತೆಗೆದು ಅಂಕಿ ಕೊಡುತ್ತದೆ. ಆದ್ದರಿಂದ 'ಲೈವ್' ಎಂದು ಪರದೆ ಮೇಲೆ ಬರೆದಿದ್ದರೂ ನೀವು ನೋಡುತ್ತಿರುವುದು ತುಸು ಹಳೆಯ ಸುದ್ದಿ. ಕುರ್ಚಿಯಲ್ಲಿ ಕೂತಾಗ ಇದರಿಂದ ಏನೂ ಫರಕು ಬೀಳುವುದಿಲ್ಲ. ಬೀದರ್ ಕೋಟೆಯದೋ ಯಾದಗಿರಿ ಕೋಟೆಗುಡ್ಡದ್ದೋ ಮೆಟ್ಟಿಲು ಒಂದೇ ದಮ್ಮಿಗೆ ಹತ್ತಿ ನಿಂತು ನೋಡಿದರೆ ಫರಕು ಕಾಣುತ್ತದೆ. ಎದೆ ಡಬಡಬ ಅನ್ನುತ್ತಿರುತ್ತದೆ, ವಾಚು ಇನ್ನೂ 112ರಲ್ಲೇ ಇರುತ್ತದೆ. ನೀವು ಸುಧಾರಿಸಿಕೊಂಡು ಉಸಿರು ಬಿಡುವ ಹೊತ್ತಿಗೆ ಅದು 140 ತಲುಪಿ ಗಾಬರಿ ಹುಟ್ಟಿಸುತ್ತದೆ.

ಮೊದಲು ಕಟ್ಟುವ ರೀತಿ. ಮುಂಗೈ ಹೊರಬದಿಯಲ್ಲಿ ಕಿರುಬೆರಳ ಕಡೆ ಗುಂಡಗೆ ಎದ್ದ ಎಲುಬಿದೆಯಲ್ಲ, ಅದರ ಮೇಲೆ ವಾಚು ಕೂರಬಾರದು. ಎಲುಬಿನ ಮೇಲೆ ಕೂತರೆ ಒಂದು ಅಂಚು ಎದ್ದು ನಿಲ್ಲುತ್ತದೆ, ಆ ಸಂದಿಯಿಂದ ಹೊರಗಿನ ಬೆಳಕು ಒಳನುಗ್ಗುತ್ತದೆ. ಎಲುಬಿನಿಂದ ಮೊಣಕೈ ಕಡೆಗೆ ಎರಡು ಬೆರಳು ಬಿಟ್ಟು ಕಟ್ಟಿ. ಸುಮ್ಮನೆ ಕೂರುವಾಗ ಪಟ್ಟಿಯ ಕೆಳಗೆ ಒಂದು ಬೆರಳು ಕಷ್ಟಪಟ್ಟು ಹೋಗುವಷ್ಟು ಬಿಗಿ ಸಾಕು. ಅಡ್ಡಾಡುವಾಗ, ಓಡುವಾಗ ಇನ್ನೊಂದು ತೂತು ಬಿಗಿ ಮಾಡಿ. ವಾಚು ಹಿಡಿದು ಅಲ್ಲಾಡಿಸಿದರೆ ಅದರ ಜೊತೆ ಚರ್ಮವೂ ಸರಿಯಬೇಕು. ಚರ್ಮ ಅಲ್ಲೇ ಉಳಿದು ವಾಚಷ್ಟೇ ಜಾರಿದರೆ ಸಡಿಲು ಎಂದರ್ಥ. ಹಾಗಂತ ಬೆರಳು ಜೋಂಪು ಹಿಡಿಯುವಷ್ಟು ಬಿಗಿದರೂ ಕೆಲಸ ಕೆಡುತ್ತದೆ. ಅಳೆಯಬೇಕಾದ ರಕ್ತವನ್ನೇ ಒತ್ತಿ ಹೊರದೂಡಿದಂತಾಗುತ್ತದೆ. ಅಡ್ಡಾಡಿ ಬಂದ ಮೇಲೆ ಮತ್ತೆ ಸಡಿಲು ಮಾಡಿ, ಇಲ್ಲದಿದ್ದರೆ ಬ್ಯಾಸಗಿ ಬೆವರಿಗೆ ಪಟ್ಟಿಯ ಕೆಳಗೆ ಗುಳ್ಳೆ ಏಳುತ್ತವೆ.

ಈ ಭಾಗದ ವಯಸ್ಸಾದ ಹೆಣ್ಣುಮಕ್ಕಳ ಮುಂಗೈ ಮೇಲೆ ಹಚ್ಚಿ (ಹಚ್ಚೆ) ಇರುತ್ತದೆ. ಹಚ್ಚಿಯ ಬಣ್ಣ ಚರ್ಮದ ಒಳಪದರದಲ್ಲಿ ಕೂತು ಸೆನ್ಸರಿನ ಬೆಳಕನ್ನು ತಾನೇ ನುಂಗುತ್ತದೆ. ಮಗ ತಂದುಕೊಟ್ಟ ಹೊಸ ವಾಚು ಅವ್ವನ ಕೈ ಮೇಲೆ ಬರೀ ಎರಡು ಗೀಟು ತೋರಿಸಿದರೆ ಅಂಗಡಿಗೆ ವಾಪಸು ಒಯ್ಯುವ ಮೊದಲು ಹಚ್ಚಿ ಇಲ್ಲದ ಕೈಗೆ ಕಟ್ಟಿ ನೋಡಿ. ಎರಡೂ ಕೈಗೆ ಇದ್ದರೆ ಮುಂಗೈಯ ಒಳಬದಿಗೆ ತಿರುಗಿಸಿ ಕಟ್ಟಬಹುದು. ಕಪ್ಪು ಚರ್ಮವೂ ಹಸಿರು ಬೆಳಕನ್ನು ಹೆಚ್ಚು ಹೀರುತ್ತದೆ. ಒಳ್ಳೆಯ ವಾಚುಗಳು ಎಲ್‌ಇಡಿಯ ಪ್ರಖರತೆ ಏರಿಸಿ ಅದನ್ನು ಸರಿದೂಗಿಸುತ್ತವೆ. ಬ್ಯಾಟರಿ ಉಳಿಸಲು ಹೋಗುವ ಅಗ್ಗದವು ಅಷ್ಟು ಶ್ರಮ ಪಡುವುದಿಲ್ಲ.

ಬಳಿ (ಬಳೆ) ಇನ್ನೊಂದು ತೊಡಕು. ಕೈತುಂಬ ಗಾಜಿನ ಬಳಿ ಇದ್ದರೆ ಕೈ ಬೀಸಿದಾಗೆಲ್ಲ ಅವು ವಾಚಿಗೆ ಬಡಿದು ಅದನ್ನು ಸರಿಸುತ್ತವೆ, ಪ್ರತಿ ಏಟಿಗೂ ಅಲೆಯಲ್ಲಿ ಒಂದು ಸುಳ್ಳು ಗುಡ್ಡ ಏಳುತ್ತದೆ. ಬಳಿ ತೆಗೆಯಿರಿ ಅನ್ನುವುದು ಸುಲಭ, ನಮ್ಮ ಕಡೆ ನಡೆಯುವ ಮಾತಲ್ಲ. ಬಳಿಗಳಿಗಿಂತ ಮೇಲೆ, ಮೊಣಕೈ ಕಡೆಗೆ ನಾಲ್ಕು ಬೆರಳು ಸರಿಸಿ ಬಿಗಿಯಾಗಿ ಕಟ್ಟಿ. ಅಲ್ಲಿ ಮಾಂಸ ಹೆಚ್ಚು, ಅಲ್ಲಾಟ ಕಡಿಮೆ, ಓದುವುದೂ ಚೊಕ್ಕ.

ರೊಟ್ಟಿ ಬಡಿಯುವಾಗಿನ ಅಂಕಿಯನ್ನಂತೂ ಲೆಕ್ಕಕ್ಕೆ ಹಿಡಿಯಲೇಬೇಡಿ. ಅಂಗೈ ಹಿಟ್ಟಿನ ಮೇಲೆ ಒಂದೇ ತಾಳದಲ್ಲಿ ಟಪ ಟಪ ಬೀಳುತ್ತಿರುತ್ತದೆ, ಪ್ರತಿ ಏಟಿಗೂ ಮುಂಗೈಯ ರಕ್ತ, ಚರ್ಮ, ವಾಚು ಮೂರೂ ಅದುರುತ್ತವೆ. ಎರಡು ರೊಟ್ಟಿ ಮುಗಿಯುವುದರೊಳಗೆ ವಾಚು ಎದೆಬಡಿತ ಬಿಟ್ಟು ಕೈಯ ತಾಳ ಎಣಿಸತೊಡಗಬಹುದು. ರೊಟ್ಟಿ ಹಂಚಿಗೆ ಹಾಕಿ ಕೈ ನಿಂತಾಗ ಅಂಕಿ ದಿಢೀರ್ ಬೀಳುತ್ತದೆ. ಒಲೆಯ ಮುಂದಿನ ಕಾವಿಗೆ ಬಡಿತ ಸ್ವಲ್ಪ ಏರುವುದು ಖರೆ, ಆದರೆ ಹೀಗೆ ಹೊಯ್ದಾಡುವುದಿಲ್ಲ.

ನಡೆಯುವಾಗ, ಓಡುವಾಗ ಆಗುವುದೂ ಇದೇ. ಹೆಜ್ಜೆಯ ಲೆಕ್ಕವನ್ನೇ ಬಡಿತವೆಂದು ವಾಚು ಹಿಡಿದುಕೊಳ್ಳುವುದಕ್ಕೆ ಕೇಡೆನ್ಸ್ ಲಾಕ್ ಎನ್ನುತ್ತಾರೆ. ಬಿರುಸಾಗಿ ನಡೆಯುವವರ ಹೆಜ್ಜೆ ನಿಮಿಷಕ್ಕೆ 110ರಿಂದ 130, ಓಡುವವರದು 150ರಿಂದ 180. ಹೃದಯ ಬಡಿತವೂ ಅದೇ ಆಸುಪಾಸಿನಲ್ಲಿ ಇರುವುದರಿಂದ ಯಂತ್ರಕ್ಕೆ ಗೊಂದಲ. ಪತ್ತೆ ಹಚ್ಚುವ ದಾರಿ ಸರಳ. ಓಡಲು ಶುರುಮಾಡಿದ ಅರ್ಧ ನಿಮಿಷದೊಳಗೇ ಅಂಕಿ 165ಕ್ಕೆ ಜಿಗಿದು ಅಲ್ಲೇ ಗೀಟು ಎಳೆದಂತೆ ನಿಂತರೆ ಅನುಮಾನ ಪಡಿ. ಹೆಜ್ಜೆಗಳನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಅದೂ 165ರ ಹತ್ತಿರ ಬಂದರೆ ಅನುಮಾನ ಗಟ್ಟಿಯಾಯಿತು. ನಿಂತುಬಿಡಿ. ನಿಜವಾದ ಬಡಿತ ಮೆಲ್ಲಗೆ ಇಳಿಯುತ್ತದೆ, ಮೊದಲ ಒಂದು ನಿಮಿಷದಲ್ಲಿ ಇಪ್ಪತ್ತು ಮೂವತ್ತು. ಐದಾರು ಸೆಕೆಂಡಿನಲ್ಲಿ 165ರಿಂದ 120ಕ್ಕೆ ಬಿದ್ದರೆ ವಾಚು ಇಷ್ಟೊತ್ತು ಹೆಜ್ಜೆ ಎಣಿಸುತ್ತಿತ್ತು. ಪಟ್ಟಿ ಬಿಗಿಮಾಡಿ, ವಾಚನ್ನು ಒಂದು ಬೆರಳು ಮೇಲೆ ಸರಿಸಿ, ಅಂಕಿ ನೆಲೆಗೆ ಬಂದ ಮೇಲೆ ಮತ್ತೆ ಹೊರಡಿ.

ತಗ್ಗುದಿಣ್ಣೆ ರಸ್ತೆಯಲ್ಲಿ ಬೈಕ್ ಹ್ಯಾಂಡಲ್ ಹಿಡಿದಾಗ, ಟ್ರ್ಯಾಕ್ಟರ್ ಸ್ಟಿಯರಿಂಗ್ ಹಿಡಿದಾಗ ಬರುವ ಅಂಕಿಯೂ ಇದೇ ಜಾತಿಯದು. ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಮುಂಗೈಯ ಸ್ನಾಯು ಸೆಟೆದು ರಕ್ತದ ಹರಿವು ಬದಲಾಗುತ್ತದೆ, ಮೇಲೆ ಇಂಜಿನ್ನಿನ ನಡುಕ. ಜಿಮ್ಮಿನಲ್ಲಿ ಡಂಬೆಲ್ ಎತ್ತುವವರಿಗೆ ಮುಂಗೈ ವಾಚು ಕೈಕೊಡುವುದೂ ಅದಕ್ಕೇ.

ಚಳಿ ಬೇರೆ ಕಥೆ. ಡಿಸೆಂಬರ್–ಜನವರಿಯ ಬೀದರ್ ಮುಂಜಾನೆಯಲ್ಲಿ ಹೊರಗೆ ಬಿದ್ದರೆ ದೇಹ ಕಾವು ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಸಂಕುಚಿಸುತ್ತದೆ. ಮುಂಗೈಗೆ ರಕ್ತ ಕಡಿಮೆ, ಅಲೆ ಸಣ್ಣದು, ವಾಚಿಗೆ ಸಿಗುವುದು ಗದ್ದಲ ಮಾತ್ರ. ಮನೆಯಲ್ಲೇ ಐದು ನಿಮಿಷ ಕೈಕಾಲು ಆಡಿಸಿ ಮೈ ಬಿಸಿ ಮಾಡಿಕೊಂಡು, ವಾಚಿನ ಮೇಲೆ ಸ್ವೆಟರ್ ತೋಳು ಎಳೆದುಕೊಂಡು ಹೊರಬಿದ್ದರೆ ಎಷ್ಟೋ ಸುಧಾರಿಸುತ್ತದೆ.

ಇನ್ನು ಹೊಲಸು. ನಮ್ಮ ಸುಣ್ಣಗಲ್ಲಿನ ಸೀಮೆಯ ಬೋರ್ ನೀರು ಗಡಸು. ಕೈ ತೊಳೆದು ಹಾಗೇ ಬಿಟ್ಟರೆ ಸೆನ್ಸರಿನ ಗಾಜಿನ ಮೇಲೆ ಬೆಳ್ಳನೆ ಪೊರೆ ಕಟ್ಟುತ್ತದೆ. ಅದರ ಮೇಲೆ ಬೆವರಿನ ಉಪ್ಪು, ಕೊಬ್ಬರಿ ಎಣ್ಣೆ. ವಾರಕ್ಕೆರಡು ಸಲ ಮೆತ್ತನೆ ಹತ್ತಿ ಬಟ್ಟೆಯನ್ನು ಕುಡಿಯುವ ನೀರಿನಲ್ಲಿ ಅದ್ದಿ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಚಾರ್ಜಿಂಗ್ ಪಿನ್ನುಗಳನ್ನೂ ಮರೆಯಬೇಡಿ.

ಸೆಟ್ಟಿಂಗಿಗೆ ಬರೋಣ. ವಾಚು ದಿನವಿಡೀ ಪ್ರತಿ ಸೆಕೆಂಡೂ ಅಳೆಯುತ್ತಿದೆ ಎಂದು ಜನ ತಿಳಿದಿರುತ್ತಾರೆ. ಹಲವು ವಾಚುಗಳು ಪೆಟ್ಟಿಗೆಯಿಂದ ಹೊರಬಂದಾಗ 10 ಅಥವಾ 30 ನಿಮಿಷಕ್ಕೊಮ್ಮೆ ಅಳೆಯುವಂತೆ ಇರುತ್ತವೆ. ನಡುವಿನ ಹೊತ್ತಿನಲ್ಲಿ ಏನೇ ಆದರೂ ಅವಕ್ಕೆ ಗೊತ್ತಿಲ್ಲ. ಫೋನಿನ ಆ್ಯಪ್‌ನಲ್ಲಿ ಹೆಲ್ತ್ ಮಾನಿಟರಿಂಗ್ ಅಥವಾ ಹಾರ್ಟ್ ರೇಟ್ ಎಂಬ ಕಡೆ ಹೋಗಿ ಅಂತರವನ್ನು 1 ನಿಮಿಷಕ್ಕೆ ಇಳಿಸಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚಿನಲ್ಲಾದರೆ ವಾಚಿನ ಸ್ಯಾಮ್‌ಸಂಗ್ ಹೆಲ್ತ್‌ನೊಳಗೆ ಮೂರು ಆಯ್ಕೆ ಸಿಗುತ್ತವೆ: ಸತತ, ಸುಮ್ಮನಿದ್ದಾಗ 10 ನಿಮಿಷಕ್ಕೊಮ್ಮೆ, ಕೈಯಿಂದ ಒತ್ತಿದಾಗ ಮಾತ್ರ. ಆ್ಯಪಲ್ ವಾಚಿನಲ್ಲಿ ಈ ಅಂತರ ನಿಮ್ಮ ಕೈಯಲ್ಲಿಲ್ಲ, ವರ್ಕೌಟ್ ಚಾಲೂ ಮಾಡಿದರೆ ಸತತ ಅಳೆಯುತ್ತದೆ. ಯಾವ ವಾಚಾದರೂ ಸರಿ, ಅಡ್ಡಾಡುವಾಗ ನಿಜವಾದ ಲೈವ್ ಬೇಕೆಂದರೆ ವರ್ಕೌಟ್ ಒತ್ತಿ ಹೊರಡಬೇಕು. 'ವಾಕಿಂಗ್' ಆರಿಸಿದರೆ ವಾಚು ನಡಿಗೆಯ ಅಲ್ಲಾಟ ನಿರೀಕ್ಷಿಸುತ್ತದೆ. ನಡೆಯುತ್ತಾ 'ಯೋಗ' ಆರಿಸಿದರೆ ಅದಕ್ಕೂ ದಿಕ್ಕು ತಪ್ಪುತ್ತದೆ. ಚಾಲೂ ಮಾಡಿದ ಕೂಡಲೇ ಓಡಬೇಡಿ, ಅಂಕಿ ಮೂಡಿ ನೆಲೆಯಾಗಲು ಅರ್ಧ ನಿಮಿಷ ನಿಲ್ಲಿ.

ಫೋನಿನ ಗ್ರಾಫಿನಲ್ಲಿ ಎರಡು ಮೂರು ತಾಸಿನ ಖಾಲಿ ಜಾಗ ಕಂಡರೆ ವಾಚನ್ನು ಬೈಯುವ ಮೊದಲು ಫೋನ್ ನೋಡಿ. ಆಂಡ್ರಾಯ್ಡ್ ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುತ್ತದೆ. ಸೆಟ್ಟಿಂಗ್ಸ್, ಆ್ಯಪ್ಸ್, ವಾಚಿನ ಆ್ಯಪ್, ಬ್ಯಾಟರಿ ಎಂದು ಒಳಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಮಾಡಿ. ಶವೋಮಿ, ರಿಯಲ್‌ಮಿ, ವಿವೊ, ಒಪ್ಪೊ ಫೋನುಗಳಲ್ಲಿ 'ಆಟೋಸ್ಟಾರ್ಟ್' ಅಥವಾ ಅದೇ ಅರ್ಥದ ಸ್ವಿಚ್ ಬೇರೆಯೇ ಇರುತ್ತದೆ, ಅದನ್ನೂ ಚಾಲೂ ಮಾಡಿ. ಆಂಡ್ರಾಯ್ಡ್ 12 ಮತ್ತು ಅದರ ನಂತರದ್ದರಲ್ಲಿ 'ನಿಯರ್‌ಬೈ ಡಿವೈಸಸ್' ಅನುಮತಿ ಬೇಕು. ಅದಕ್ಕಿಂತ ಹಳೆಯದಾದರೆ ಲೊಕೇಶನ್ ಅನುಮತಿ ಕೊಡದೆ ಬ್ಲೂಟೂತ್ ಹುಡುಕಾಟವೇ ನಡೆಯುವುದಿಲ್ಲ.

ಇಷ್ಟು ಮಾಡಿದ ಮೇಲೆ ವಾಚನ್ನು ಪರೀಕ್ಷೆಗೆ ಕೂರಿಸಿ. ಪರೀಕ್ಷಕರು ನಿಮ್ಮ ಎರಡು ಬೆರಳು. ಹೆಬ್ಬೆರಳ ಬುಡದಿಂದ ಮುಂಗೈಗೆ ಇಳಿದರೆ ಎಲುಬಿನ ಒಳಮಗ್ಗುಲಲ್ಲಿ ನಾಡಿ ಸಿಗುತ್ತದೆ. ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳು ಬೇಡ, ಅದರ ಸ್ವಂತ ಬಡಿತವೇ ಎಣಿಕೆಯಲ್ಲಿ ಬೆರೆಯಬಹುದು. ಐದು ನಿಮಿಷ ಮಾತಿಲ್ಲದೆ ಕೂತು, 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಡುವೆ ತಾಳ ತಪ್ಪಿದಂತೆ ಅನ್ನಿಸಿದರೆ ಪೂರ್ತಿ ಒಂದು ನಿಮಿಷ ಎಣಿಸಿ. ವಾಚಿನ ಅಂಕಿ ಇದಕ್ಕಿಂತ ಐದರೊಳಗೆ ಹೆಚ್ಚುಕಡಿಮೆ ಇದ್ದರೆ ಪಾಸು. ಆಮೇಲೆ ಎದ್ದು ನಿಲ್ಲಿ. ನಿಂತಾಗ ಬಡಿತ ಹತ್ತು ಇಪ್ಪತ್ತು ಏರುವುದು ಸಹಜ, ಹತ್ತು ಹದಿನೈದು ಸೆಕೆಂಡಿನೊಳಗೆ ವಾಚೂ ಏರಬೇಕು. ಮೂರನೆಯದಕ್ಕೆ ಮೂರು ನಿಮಿಷ ಮೆಟ್ಟಿಲು ಹತ್ತಿಳಿದು, ನಿಂತ ಕೂಡಲೇ ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಇಲ್ಲಿ 30 ಸೆಕೆಂಡು ಎಣಿಸಬಾರದು, ಎಣಿಸುವುದರೊಳಗೆ ಬಡಿತವೇ ಇಳಿದುಬಿಡುತ್ತದೆ. ಈ ಮೂರನೆಯದರಲ್ಲಿ ಹತ್ತರಷ್ಟು ಫರಕು ಬಂದರೂ ಕ್ಷಮಿಸಬಹುದು. ಕೂತಾಗ 74, ಮೆಟ್ಟಿಲು ಹತ್ತಿದಾಗಲೂ 78 ತೋರಿಸುವ ವಾಚು ಬರೀ ಗಡಿಯಾರ.

ಮೋಸಂಬಿಗೆ, ಬಾಳೆಹಣ್ಣಿಗೆ ವಾಚು ಕಟ್ಟಿ "ನೋಡ್ರಿ, ಹಣ್ಣಿಗೂ ಬಡಿತ ತೋರಸ್ತದ" ಅಂತ ನಗುವ ವಿಡಿಯೋಗಳಿಂದ ಏನೂ ಸಾಬೀತಾಗುವುದಿಲ್ಲ. ಬೆಳಕು ವಾಪಸು ಬರುವ ಯಾವುದರ ಮೇಲೆ ಇಟ್ಟರೂ ಗದ್ದಲದಲ್ಲಿ ಒಂದು ತಾಳ ಹುಡುಕಲು ಸೆನ್ಸರು ಹೆಣಗುತ್ತದೆ, ದುಬಾರಿ ವಾಚುಗಳೂ ಈ ಬಲೆಗೆ ಬೀಳುತ್ತವೆ. ಅಂಗಡಿಯಲ್ಲಿ ರೊಕ್ಕ ಎಣಿಸುವ ಮೊದಲು ಕೂತು–ನಿಂತು ಪರೀಕ್ಷೆ ಮಾಡಿ, ಅದು ಹಣ್ಣಿಗಿಂತ ಹೆಚ್ಚು ಹೇಳುತ್ತದೆ.

ಅಂಕಿಯನ್ನು ಸೆಕೆಂಡು ಸೆಕೆಂಡಿಗೆ ದೊಡ್ಡ ಪರದೆಯಲ್ಲಿ ನೋಡಬೇಕೆನ್ನುವವರಿಗೆ ವಾಚು ತನ್ನ ಅಂಕಿಯನ್ನು ಬೇರೆ ಯಂತ್ರಗಳಿಗೆ ಬಿತ್ತರಿಸುವ ಬ್ರಾಡ್‌ಕಾಸ್ಟ್ ಇದೆ. ಗಾರ್ಮಿನ್‌ನಲ್ಲಿ ಮುಂಗೈ ಹಾರ್ಟ್ ರೇಟ್ ಸೆಟ್ಟಿಂಗಿನೊಳಗೆ 'ಬ್ರಾಡ್‌ಕಾಸ್ಟ್ ಹಾರ್ಟ್ ರೇಟ್', ಅಮೇಜ್‌ಫಿಟ್‌ನ ಹಲವು ವಾಚುಗಳಲ್ಲಿ 'ಹಾರ್ಟ್ ರೇಟ್ ಪುಶ್'. ಚಾಲೂ ಮಾಡಿದರೆ ಹೊಸ ವಾಚುಗಳು ಬ್ಲೂಟೂತ್ ಲೋ ಎನರ್ಜಿಯ ಒಪ್ಪಿತ ಹಾರ್ಟ್ ರೇಟ್ ಸೇವೆಯಾಗಿ ಕಾಣಿಸಿಕೊಳ್ಳುತ್ತವೆ, ಟ್ರೆಡ್‌ಮಿಲ್, ಸೈಕಲ್ ಕಂಪ್ಯೂಟರ್, ಫೋನಿನ ಓಟದ ಆ್ಯಪ್ ಯಾವುದಾದರೂ ಓದಬಹುದು. ಕೆದಕುವ ಸ್ವಭಾವದವರು ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್ ಕನೆಕ್ಟ್ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಸ್ಕ್ಯಾನ್ ಮಾಡಿ, ವಾಚಿಗೆ ಜೋಡಿಸಿ, ಹಾರ್ಟ್ ರೇಟ್ ಸರ್ವಿಸ್ ತೆರೆದು, ಹಾರ್ಟ್ ರೇಟ್ ಮೆಶರ್‌ಮೆಂಟ್ ಪಕ್ಕದ ಬಾಣದ ಗುರುತು ಒತ್ತಿದರೆ ಕಚ್ಚಾ ಬೈಟುಗಳು ಬರತೊಡಗುತ್ತವೆ. ದಶಮಾನಕ್ಕೆ ತಿರುಗಿಸಿ ಬರೆದರೆ ಒಂದು ಸಂದೇಶ ಹೀಗಿರುತ್ತದೆ: 16, 77, 32, 3. ಮೊದಲ 16 ಒಂದು ಗುರುತು. ಬಡಿತ ಒಂದೇ ಬೈಟಿನಲ್ಲಿದೆ, ಹಿಂದೆಯೇ ಬಡಿತಗಳ ನಡುವಿನ ಅಂತರವೂ ಬರುತ್ತಿದೆ ಎಂದು ಅದರರ್ಥ. 77 ಬಡಿತ. ಕೊನೆಯ ಎರಡನ್ನು ತಿರುಗಮುರುಗ ಓದಬೇಕು: 3ನ್ನು 256ರಿಂದ ಗುಣಿಸಿ 32 ಕೂಡಿಸಿದರೆ 800. ಇದರ ಅಳತೆಗೋಲು ಸೆಕೆಂಡಿನ 1024ನೇ ಒಂದು ಪಾಲು. 800ನ್ನು 1024ರಿಂದ ಭಾಗಿಸಿದರೆ 0.781 ಸೆಕೆಂಡು. 60ನ್ನು ಅದರಿಂದ ಭಾಗಿಸಿ ನೋಡಿ, 76.8. ಲೆಕ್ಕ ಬರೋಬರಿ. ಮುಂಗೈ ವಾಚುಗಳು ಈ ಅಂತರವನ್ನು ಕಳಿಸುವುದು ಕಡಿಮೆ, ಎದೆಗೆ ಕಟ್ಟುವ ಸೆನ್ಸರಿನ ಎದೆಪಟ್ಟಿಗಳು ಸಾಮಾನ್ಯವಾಗಿ ಕಳಿಸುತ್ತವೆ.

ಬ್ರಾಡ್‌ಕಾಸ್ಟ್ ಸಿಗದಿದ್ದರೆ ಬಹುಪಾಲು ಕಾರಣ ಒಂದೇ: ಬೇರೆ ಯಾವುದೋ ಆ್ಯಪ್ ಆಗಲೇ ಹಿಡಿದುಕೊಂಡಿದೆ. ಅದನ್ನು ಬಂದ್ ಮಾಡಿ ಮತ್ತೆ ಹುಡುಕಿ. ಜೋಡಿಸಿದ್ದು ನಡುನಡುವೆ ಕಡಿದುಹೋಗುತ್ತಿದ್ದರೆ ಫೋನ್ ಎಲ್ಲಿದೆ ನೋಡಿ. ವಾಚು ಎಡಗೈಯಲ್ಲಿ, ಫೋನ್ ಬಲಗಡೆ ಹಿಂಜೇಬಿನಲ್ಲಿ ಇದ್ದರೆ ನಡುವೆ ಇಡೀ ದೇಹ ಅಡ್ಡ. ನೀರು ತುಂಬಿದ ದೇಹ 2.4 ಗಿಗಾಹರ್ಟ್ಸ್ ಅಲೆಯನ್ನು ಸಲೀಸಾಗಿ ನುಂಗುತ್ತದೆ. ಫೋನನ್ನು ಅದೇ ಮಗ್ಗುಲಿಗೆ ತನ್ನಿ.

ನಿಖರ ಅಂಕಿಯೇ ಬೇಕು, ಏರಿಳಿತದ ಓಟ ಮಾಡುತ್ತೀರಿ ಎನ್ನುವುದಾದರೆ ಎದೆಪಟ್ಟಿಯೇ ಗತಿ. ಅದು ಬೆಳಕಿನ ಗೊಡವೆಗೆ ಹೋಗದೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ತಡವೂ ಕಡಿಮೆ. ಕಟ್ಟುವ ಮೊದಲು ಪಟ್ಟಿಯ ಒಳಬದಿಯ ಎರಡು ರಬ್ಬರ್ ತುಂಡುಗಳಿಗೆ ನೀರು ಹಚ್ಚಬೇಕು. ಒಣಗಿದ್ದರೆ ಮೊದಲ ಐದು ಹತ್ತು ನಿಮಿಷ, ಬೆವರು ಬರುವವರೆಗೆ, 200ರ ಮೇಲಿನ ಹುಚ್ಚು ಅಂಕಿಗಳು ಬರುತ್ತವೆ. ಒಣಹವೆಯಲ್ಲಿ ಟೆರಿಲಿನ್ ಬನಿಯನ್ ಪಟಪಟ ಬಡಿದರೂ ಹಾಗೇ. ಓಡಿ ಬಂದ ಮೇಲೆ ಗುಂಡಿ ಬಿಚ್ಚಿ ಪಟ್ಟಿಯಿಂದ ಸೆನ್ಸರ್ ಬೇರೆ ಮಾಡಿ. ಒದ್ದೆ ಪಟ್ಟಿಗೆ ಅಂಟಿಕೊಂಡಿದ್ದರೆ ಅದು ಇನ್ನೂ ಎದೆಯ ಮೇಲಿದ್ದೇನೆ ಎಂದೇ ತಿಳಿದು ಬ್ಯಾಟರಿ ಖಾಲಿ ಮಾಡುತ್ತದೆ. ಪೋಲಾರ್ ಎಚ್10ಗೆ ಸಿಆರ್2025 ಗುಂಡಿ ಸೆಲ್, ಇತರ ಎಷ್ಟೋ ಪಟ್ಟಿಗಳಿಗೆ ಸಿಆರ್2032. ಎರಡರ ದಪ್ಪ ಬೇರೆ, ಒಂದರ ಬದಲು ಇನ್ನೊಂದನ್ನು ತುರುಕಬೇಡಿ. ಸೀರೆಯಲ್ಲಿ ಅಡ್ಡಾಡುವವರಿಗೆ ಎದೆಪಟ್ಟಿ ಕಿರಿಕಿರಿ. ಅವರಿಗೆ ತೋಳಿಗೆ ಕಟ್ಟುವ ಬೆಳಕಿನ ಸೆನ್ಸರು ಸಿಗುತ್ತದೆ, ಕುಪ್ಪಸದ ತೋಳಿನ ಕೆಳಗೆ ಕೂರುತ್ತದೆ, ಬಳಿಯ ಕಾಟವಿಲ್ಲ, ಮುಂಗೈಗಿಂತ ಅಲ್ಲಾಟವೂ ಕಡಿಮೆ.

ಅಂಕಿ ಸರಿ ಬಂತು ಅಂತಿಟ್ಟುಕೊಳ್ಳಿ, ಅದನ್ನು ಏನೆಂದು ಓದಬೇಕು? ಸುಮ್ಮನೆ ಕೂತ ವಯಸ್ಕರಲ್ಲಿ 60ರಿಂದ 100 ಸಾಮಾನ್ಯ, ದಿನಾ ಓಡುವವರಲ್ಲಿ 50ಕ್ಕಿಂತ ಕೆಳಗೂ ಇರಬಹುದು. ಅತಿ ಹೆಚ್ಚಿನ ಬಡಿತಕ್ಕೆ 220ರಲ್ಲಿ ವಯಸ್ಸು ಕಳೆಯುವ ಸೂತ್ರ ವಾಚುಗಳಲ್ಲಿ ಮೊದಲೇ ತುಂಬಿರುತ್ತದೆ. 2001ರಲ್ಲಿ ಬಂದ ಇನ್ನೊಂದು ಸೂತ್ರ, ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯುವುದು, ವಯಸ್ಸಾದವರಿಗೆ ಹೆಚ್ಚು ಹೊಂದುತ್ತದೆ. ಯಾವುದೇ ಸೂತ್ರವಾದರೂ ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. 50 ವರ್ಷದವರಿಗೆ ಎರಡನೆಯದರಿಂದ 173 ಬರುತ್ತದೆ. ಅವರ ವಿಶ್ರಾಂತಿಯ ಬಡಿತ 72 ಎಂದರೆ ನಡುವಿನ ಅಂತರ 101. ಆ ಅಂತರದ ನೂರಕ್ಕೆ 40ರಿಂದ 60 ಪಾಲನ್ನು 72ಕ್ಕೆ ಕೂಡಿಸಿದರೆ ಸುಮಾರು 112ರಿಂದ 133. ಬಿರುಸು ನಡಿಗೆಗೆ ಇದು ಹದವಾದ ಮಿತಿ. ಹಲವು ವಾಚುಗಳ 'ಝೋನ್'ಗಳು, ಅಂದರೆ ಬಡಿತದ ಹಂತಗಳು, ಬರೀ ವಯಸ್ಸಿನ ಮೇಲೆ ಹಾಕಿದವು. ಆ್ಯಪ್‌ನಲ್ಲಿ 'ಹಾರ್ಟ್ ರೇಟ್ ರಿಸರ್ವ್' (ಈಗ ಹಾಕಿದ ಅಂತರದ ಲೆಕ್ಕ) ಆಯ್ಕೆ ಇದ್ದರೆ ಅದನ್ನು ಆರಿಸಿ.

ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ ಗುಳಿಗೆ ತೆಗೆದುಕೊಳ್ಳುವವರಿಗೆ ಈ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಗುಳಿಗೆಯ ಕೆಲಸವೇ ಬಡಿತ ತಗ್ಗಿಸುವುದು. 112 ಮುಟ್ಟಲಿಲ್ಲವೆಂದು ಅವರು ದಮ್ಮು ಕಟ್ಟಿ ನಡೆಯಬಾರದು, ಅಂಕಿ ಏರಲಿ ಅಂತ ಗುಳಿಗೆಯನ್ನೂ ಬಿಡಬಾರದು. ಅವರಿಗೆ ಮಾತಿನ ಅಳತೆ ಒಳ್ಳೆಯದು: ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು.

ನಮ್ಮ ಬ್ಯಾಸಗಿಯಲ್ಲಿ ಇನ್ನೊಂದು ಕಾಣುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42, 43 ಡಿಗ್ರಿಗೆ ಹೋಗುತ್ತದೆ. ಸಂಜೆ ಏಳಕ್ಕೆ ಹೊರಟರೂ ಶಹಾಬಾದ್ ಕಲ್ಲಿನ ನೆಲ, ಗೋಡೆ, ಡಾಂಬರು ಕಾವು ಉಗುಳುತ್ತಲೇ ಇರುತ್ತವೆ. ಜನವರಿಯಲ್ಲಿ ನಡೆದ ಅದೇ ವೇಗಕ್ಕೆ ಈಗ ಬಡಿತ ಹೆಚ್ಚು, ಜೊತೆಗೆ ಹೊತ್ತು ಕಳೆದಂತೆ ಮೆಲ್ಲಮೆಲ್ಲಗೆ ಏರುತ್ತಲೇ ಹೋಗುತ್ತದೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿ ನೀರಿನಂಶ ಇಳಿಯುತ್ತದೆ, ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತ ಕಡಿಮೆಯಾಗುತ್ತದೆ. ಕೊರತೆ ತುಂಬಲು ಹೃದಯ ಹೆಚ್ಚು ಸಲ ಬಡಿಯುತ್ತದೆ. ಇಲ್ಲಿ ವಾಚು ಸುಳ್ಳು ಹೇಳುತ್ತಿಲ್ಲ. ವೇಗ ತಗ್ಗಿಸಿ, ನೀರು ಕುಡಿಯಿರಿ, ಬೆಳಗಿನ ಐದೂವರೆಗೆ ಹೊರಡಿ.

ದಿನದ ಅಂಕಿಗಿಂತ ಬೆಲೆಯುಳ್ಳದ್ದು ರಾತ್ರಿ ನಿದ್ದೆಯಲ್ಲಿ ಸಿಗುವ ವಿಶ್ರಾಂತಿಯ ಬಡಿತ. ಕೈ ಅಲ್ಲಾಡುವುದಿಲ್ಲ, ಬಿಸಿಲಿಲ್ಲ, ಛಾ ಇಲ್ಲ. ಎರಡು ವಾರದ ಸರಾಸರಿ 64 ಇದ್ದದ್ದು ಮೂರು ದಿನದಿಂದ 72 ಆಗಿದ್ದರೆ ಏನೋ ನಡೆದಿದೆ. ಜ್ವರದ ಶುರುವೋ, ನಿದ್ದೆಗೆಟ್ಟದ್ದೋ, ನೀರು ಕಡಿಮೆಯಾದದ್ದೋ, ಕುಡಿತವೋ. ಮೈ ಕಾವು ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಸುಮಾರು 8ರಿಂದ 10 ಏರುತ್ತದೆ. ರಕ್ತಹೀನತೆ, ಥೈರಾಯ್ಡ್ ಕೂಡ ಇದೇ ಬಾಗಿಲಿನಿಂದ ಇಣುಕುತ್ತವೆ. ಕಡಿಮೆಯಾಗದೆ ವಾರಗಟ್ಟಲೆ ನಿಂತರೆ ರಕ್ತ ಪರೀಕ್ಷೆ ಮಾಡಿಸಿ.

ವಾಚಿನ ಎಚ್ಚರಿಕೆ ಗಂಟೆಯನ್ನು ಸುಮ್ಮನಿದ್ದಾಗ 120ರ ಮೇಲೆ, 40ರ ಕೆಳಗೆ ಎಂದು ಇಟ್ಟರೆ ಬಹುತೇಕರಿಗೆ ಸಾಕು. 100ಕ್ಕೆ ಇಟ್ಟರೆ ಊಟ ಮಾಡಿದಾಗ, ಜಗಳ ಆಡಿದಾಗಲೂ ಕೈ ನಡುಗಿಸಿ ಹೈರಾಣ ಮಾಡುತ್ತದೆ. ಗಂಟೆ ಬಂದರೆ ಮೊದಲ ಕೆಲಸ ನಾಡಿ ಹಿಡಿಯುವುದು. ಬಡಿತ ಯಾವ ತಾಳಕ್ಕೂ ಸಿಗದೆ ಅಡ್ಡಾದಿಡ್ಡಿ ಇದ್ದರೆ ಅಂಕಿ ಎಷ್ಟಾದರೂ ಇರಲಿ, ವೈದ್ಯರಿಗೆ ತೋರಿಸಬೇಕು. ಏಟ್ರಿಯಲ್ ಫಿಬ್ರಿಲೇಶನ್ ಎಂಬ, ಹೃದಯದ ತಾಳ ತಪ್ಪುವ ತೊಂದರೆಯಲ್ಲಿ ಕೆಲವು ಬಡಿತ ಎಷ್ಟು ಕ್ಷೀಣವೆಂದರೆ ಮುಂಗೈವರೆಗೆ ಬಂದು ಮುಟ್ಟುವುದೇ ಇಲ್ಲ. ಆಗ ವಾಚೂ ಬೆರಳೂ ಎರಡೂ ಕಡಿಮೆ ಎಣಿಸುತ್ತವೆ, ಇಸಿಜಿಯಲ್ಲಷ್ಟೇ ನಿಜ ಕಾಣುತ್ತದೆ.

ಎದೆ ಹಿಂಡಿದಂತಾಗುವುದು, ನೋವು ಎಡಗೈಗೋ ದವಡೆಗೋ ಹರಿಯುವುದು, ತಣ್ಣನೆ ಬೆವರು, ಉಸಿರು ಸಿಗದಿರುವುದು, ಕಣ್ಣು ಕತ್ತಲೆ ಬರುವುದು ಇವುಗಳಲ್ಲಿ ಒಂದಾದರೂ ಆದರೆ ವಾಚು ನೋಡುತ್ತ ಕೂರಬೇಡಿ. ಹೃದಯಾಘಾತದ ಹೊತ್ತಿನಲ್ಲೂ ಬಡಿತ 80 ಇರಬಹುದು. ಮುಂಗೈ ವಾಚು ಹೃದಯಾಘಾತ ಪತ್ತೆ ಹಚ್ಚುವುದಿಲ್ಲ, ಇಸಿಜಿ ಇರುವ ವಾಚೂ ಹಚ್ಚುವುದಿಲ್ಲ. 108ಕ್ಕೆ ಫೋನ್ ಮಾಡಿ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ದವಾಖಾನೆ ಇದೆ, ಬೀದರ್, ಯಾದಗಿರಿಯವರು ಮೊದಲು ಹತ್ತಿರದ ದವಾಖಾನೆಯಲ್ಲಿ ಇಸಿಜಿ ಮಾಡಿಸಿಕೊಳ್ಳಬೇಕು.

ಅಷ್ಟು ತುರ್ತಲ್ಲದ, ಆಗಾಗ ಬಂದುಹೋಗುವ ಏರಿಳಿತಕ್ಕೆ ವೈದ್ಯರ ಬಳಿ ಹೋಗುವಾಗ ಮೂರು ತಿಂಗಳ ಗ್ರಾಫನ್ನು ಅವರ ಮುಂದೆ ಜಾರಿಸುತ್ತ ಕೂತರೆ ಅವರಿಗೂ ತ್ರಾಸು. ನೋಟ್‌ಬುಕ್ಕಿನ ಒಂದು ಹಾಳೆ ಸಾಕು, ಒಂದೊಂದು ಸಲಕ್ಕೆ ಒಂದೊಂದು ಸಾಲು: "12ನೇ ತಾರೀಖು, ರಾತ್ರಿ 9.40, ಊಟ ಆಗಿ ಕೂತಿದ್ದೆ. ವಾಚು 138. ಬೆರಳಿಟ್ಟು ಎಣಿಸಿದ್ದು 30 ಸೆಕೆಂಡಿಗೆ 66. ತಾಳ ಸಮ ಇರಲಿಲ್ಲ. 20 ನಿಮಿಷ ಇತ್ತು, ತಲೆ ತಿರುಗಲಿಲ್ಲ. ಬಿ.ಪಿ. ಗುಳಿಗೆ ಮುಂಜಾನೆ ತಗೊಂಡಿದ್ದೆ." ಜೊತೆಗೆ ಆ ಹೊತ್ತಿನ ಒಂದು ಸ್ಕ್ರೀನ್‌ಶಾಟ್, ವಾಚಿನಲ್ಲಿ ಇಸಿಜಿ ಇದ್ದರೆ ಅದೇ ಹೊತ್ತಿಗೆ ತೆಗೆದ 30 ಸೆಕೆಂಡಿನ ಪಿಡಿಎಫ್.